ನಮ್ಮೂರ ಪುರಸಭೆಗೆ ಮೂರು ಸ್ಟಾರ್, ಬಾಕಿ ಚಿಲ್ಲರೆ ಟಿಕೆಟ್ ಹಿಂದೆ

ಜನ ದೋಸೆಗೆ ಸ್ಟಾರ್ ಕೊಡುತ್ತಾರೆ. ಮಿಕ್ಸಿಗೆ ಕೊಡುತ್ತಾರೆ. ಮೊನ್ನೆ ನನ್ನ ಮೊಮ್ಮಗಳು ಪೆನ್ಸಿಲ್ ಡಬ್ಬಕ್ಕೂ ಎರಡು ಸ್ಟಾರ್ ಕೊಟ್ಟಳು. ಹಾಗಿದ್ದ ಮೇಲೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ, ದಿನವೂ ಬಳಸುವ ಒಂದು ಸೇವೆಗೆ ನಾನೂ ಸ್ಟಾರ್ ಕೊಡಬಾರದೇಕೆ ಅನ್ನಿಸಿತು. ಆ ಸೇವೆ ನಮ್ಮೂರ ಪುರಸಭೆ. ಹೊಸೂರು ರಸ್ತೆ ಕಡೆ, ಬೆಂಗಳೂರು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗುತ್ತಲ್ಲ, ಅಂಥ ಜಾಗದ ಊರು ನಮ್ಮದು. ಹೆಸರು ಬೇಡ. ನಾಳೆ ಅದೇ ಆಫೀಸಿಗೆ ನಾನು ಹೋಗಬೇಕು.

ನನ್ನ ಬಗ್ಗೆ ಒಂದು ಮಾತು. ನಾನು ಬಿಎಂಟಿಸಿ ನಿವೃತ್ತ ಕಂಡಕ್ಟರ್. ಕೆಲಸಕ್ಕೆ ಸೇರಿದಾಗ ಅದಿನ್ನೂ ಬಿಟಿಎಸ್, ಬಸ್ಸಿನ ಬಣ್ಣ ಕೆಂಪು. 31 ವರ್ಷ ಸಾರ್ವಜನಿಕರ ಬೈಗುಳ ತಿಂದಿದ್ದೇನೆ. ಕೌಂಟರಿನ ಆಚೆ ಕೂತವರ ಕಷ್ಟ ಗೊತ್ತು. ಅವರು ಯಾವಾಗ ಕಷ್ಟದ ನಾಟಕ ಆಡುತ್ತಾರೆ ಅನ್ನುವುದೂ ಗೊತ್ತು, ನಾವೂ ಆಡಿದವರೇ ತಾನೆ. ಡ್ಯೂಟಿಯಲ್ಲಿದ್ದಾಗ ಟಿಕೆಟ್ ಲೆಕ್ಕದ ವೇಬಿಲ್ ಬರೆದು ಬರೆದು ಅಭ್ಯಾಸ. ಈಗಲೂ ಪ್ರತಿ ರಸೀದಿಯನ್ನೂ ಹಳೇ ಚರ್ಮದ ಬ್ಯಾಗಿನಲ್ಲಿ ಇಡುತ್ತೇನೆ, ಡೈರಿಯಲ್ಲಿ ತಾರೀಖು ಬರೆಯುತ್ತೇನೆ. ಕೆಳಗೆ ಇರುವುದು 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಲೆಕ್ಕ.

ಏಪ್ರಿಲ್ ಅಂದರೆ ಕಂದಾಯ. ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ. ನನಗೆ ಉಳಿದದ್ದು ಒಂದು ಮಸಾಲೆ ದೋಸೆ, ಒಂದು ಕಾಫಿಯಷ್ಟು. ಆದರೂ ಬಿಡುವುದುಂಟೇ? ಚಲನ್ ತೆಗೆದುಕೊಂಡು ಓದಿದೆ. ನೀವೂ ಒಮ್ಮೆ ಓದಿ, ಮಜಾ ಇದೆ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಕೊನೆಗೆ ಸಾರಿಗೆ ಸೆಸ್ ಶೇ 2. ಜೀವಮಾನವೆಲ್ಲ ಬಸ್ಸಿನಲ್ಲಿ ದುಡಿದವನ ಮನೆಯಿಂದ ಸಾರಿಗೆಗೆ ಇನ್ನೂ ಶೇ 2! ಕೌಂಟರಿನ ಹುಡುಗನಿಗೆ ಹೇಳಿದೆ. ಅವನು ನಗಲಿಲ್ಲ. ಏಪ್ರಿಲ್‌ನಲ್ಲಿ ಆ ಕೌಂಟರಿನಲ್ಲಿ ಯಾರೂ ನಗುವುದಿಲ್ಲ, ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂದಿರುತ್ತದೆ.

ಆ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು: 5 ಕಿ.ಮೀ. ಒಳಗಾದರೆ 6,000 ಲೀಟರಿಗೆ ₹600, 12,000 ಲೀಟರಿಗೆ ₹1,000. ಆ ದರಕ್ಕೆ ಬರುತ್ತೇನೆ ಅಂದ ಟ್ಯಾಂಕರಿನವನು ನಮ್ಮ ಬೀದಿಯಲ್ಲಿ ಒಬ್ಬನೂ ಸಿಗಲಿಲ್ಲ. ನಮ್ಮ ಪುರಸಭೆಯದು ಪೂರ್ತಿ ಬೋರ್‌ವೆಲ್ ನೀರು. ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದದ್ದು ಏಳು ದಿನವಾಯಿತು, ಆಮೇಲೆ ಹತ್ತು. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ವಾರ್ಡಿನ ವಾಟರ್‌ಮನ್ ಫೋನ್ ಎತ್ತುತ್ತಿದ್ದ. "ಅಣ್ಣಾ, ಎರಡನೇ ಮೋಟ್ರು ಸುಟ್ಟೋಗದೆ, ನಾಳೆ ರಾತ್ರಿ ಬಿಡ್ತೀನಿ, ಎದ್ದಿರಿ" ಅನ್ನುತ್ತಿದ್ದ. ಹೇಳಿದ ಹಾಗೇ ರಾತ್ರಿ ಒಂದೂವರೆಗೆ ಬಿಡುತ್ತಿದ್ದ. ಬಸ್ಸು ಲೇಟಾದರೆ ಜನ ಸಹಿಸುತ್ತಾರೆ. ಲೇಟು ಅಂತ ಹೇಳದೆ ಇದ್ದರೆ ಕಲ್ಲು ತೂರುತ್ತಾರೆ. ಇದು ನಾನು ಮಾರ್ಕೆಟ್‌–ಆನೇಕಲ್ ಗಾಡಿಯಲ್ಲಿ ಕಲಿತದ್ದು. ಆ ಹುಡುಗನಿಗೂ ಅದು ಗೊತ್ತಿತ್ತು. ಅವನೊಬ್ಬನಿಗೇ ಆದರೆ ಐದಕ್ಕೆ ಐದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ 5ನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, 110 ಹಳ್ಳಿಗಳಿಗೆ. ಆ ಹಳ್ಳಿಗಳು 2007ರಲ್ಲಿ ಬೆಂಗಳೂರಿಗೆ ಸೇರಿದವು. ನಾವು ಆಗ ಸೇರಲಿಲ್ಲ. ಹಾಗಾಗಿ ನೀರಿನ ಪಟ್ಟಿಯಲ್ಲೂ ನಾವಿಲ್ಲ. ಇದಕ್ಕೆ ಪುರಸಭೆಯನ್ನು ಬೈಯುವುದು ನ್ಯಾಯವಲ್ಲ. ಆದರೂ ನನ್ನ ಹೆಂಡತಿ ಬೈಯುತ್ತಾಳೆ.

ಜುಲೈನಲ್ಲಿ ನಮ್ಮ ಅವ್ವ ತೀರಿಕೊಂಡಳು. 84 ವರ್ಷ. ಮನೆಯಲ್ಲೇ, ಬೆಳಗಿನ ಜಾವ. ಇದನ್ನು ರಿವ್ಯೂನಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆದರೆ ಪುರಸಭೆ ಅಂದರೇನು ಅಂತ ನನಗೆ ನಿಜವಾಗಿ ಗೊತ್ತಾದದ್ದು ಆ ವಾರದಲ್ಲಿ.

ಏಳು ಗಂಟೆಗೆ ನಮ್ಮ ಮೆಂಬರ್‌ಗೆ ಫೋನ್ ಮಾಡಿದೆ. ಕೌನ್ಸಿಲರ್ ಅಂತ ಬರೆದರೆ ನಮ್ಮೂರಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಮೆಂಬರ್ ಅಂತಲೇ ಎಲ್ಲರೂ ಅನ್ನುವುದು. ಅವರ ಪಕ್ಷಕ್ಕೆ ನಾನು ವೋಟು ಹಾಕಿದವನಲ್ಲ. ಅದು ಅವರಿಗೂ ಗೊತ್ತು. ಎಂಟೂವರೆಗೆ ಅವರೇ ಬಂದರು, ಲುಂಗಿಯಲ್ಲೇ. ಹತ್ತು ಗಂಟೆಗೆ ಪುರಸಭೆಯ ಶವದ ಗಾಡಿ ಬಂತು, ದುಡ್ಡು ಕೇಳಲಿಲ್ಲ. ಸ್ಮಶಾನದಲ್ಲಿ ಮುಳ್ಳುಗಿಡ ಕಡಿದಿದ್ದರು, ನಲ್ಲಿಯಲ್ಲಿ ನೀರು ಬಂತು. ಊರಿಗೆ ಹತ್ತು ದಿನಕ್ಕೊಮ್ಮೆ ನೀರು ಬರುವಾಗ ಸ್ಮಶಾನದ ತೊಟ್ಟಿ ತುಂಬಿಟ್ಟಿದ್ದು ಯಾರು, ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಹನ್ನೊಂದನೇ ದಿನ ಮುಗಿದ ಮೇಲೆ ಮರಣ ಪ್ರಮಾಣಪತ್ರಕ್ಕೆ ಹೋದೆ. 21 ದಿನದೊಳಗೆ ನೋಂದಾಯಿಸಿದರೆ ಸಲೀಸು. ತಡವಾದರೆ ಶುಲ್ಕ, ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶದವರೆಗೂ ಓಡಾಟ. ಜನನ-ಮರಣ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಇದ್ದರು, ನನ್ನ ಮಗಳ ವಯಸ್ಸು. ಅರ್ಜಿ ನೋಡಿ, ಆಧಾರ್ ನೋಡಿ, ಮತ್ತೆ ಅರ್ಜಿ ನೋಡಿದರು.

"ಇದರಲ್ಲಿ ಲಕ್ಷ್ಮಮ್ಮ ಅಂತಿದೆ, ನೀವು ಲಕ್ಷ್ಮೀದೇವಮ್ಮ ಅಂತ ಬರ್ದಿದೀರಲ್ಲ ಯಜಮಾನ್ರೇ. ಸೈಟ್ ಪತ್ರದಲ್ಲಿ ಹೇಗಿದೆ?"

ಸೈಟ್ ಅವ್ವನ ಹೆಸರಿನಲ್ಲಿತ್ತು ಅಂತ ನಾನು ಹೇಳಿಯೇ ಇರಲಿಲ್ಲ. "ಲಕ್ಷ್ಮಮ್ಮ ಅಂತಿರಬೇಕು" ಅಂದೆ.

"ಇರಬೇಕು ಅಂದ್ರೆ ಆಗಲ್ಲ. ಹೋಗಿ ನೋಡ್ಕೊಂಡು ಬನ್ನಿ. ಇವತ್ತೇ ಬನ್ನಿ, ಊಟಕ್ಕೆ ಹೋಗಲ್ಲ, ಇಲ್ಲೇ ಇರ್ತೀನಿ. ಇದು ತಪ್ಪಾದ್ರೆ ನೀವು ಆರು ತಿಂಗಳು ಅಲೀತೀರ."

ಹೋಗಿ ಪತ್ರ ನೋಡಿ ಬಂದೆ. ಲಕ್ಷ್ಮಮ್ಮ ಅಂತಲೇ ಇತ್ತು. ಅವ್ವನನ್ನು ಊರೆಲ್ಲ ಕರೆಯುತ್ತಿದ್ದದ್ದು ಲಕ್ಷ್ಮೀದೇವಮ್ಮ ಅಂತ. ಕಾಗದದಲ್ಲಿ ಅವಳು ಬೇರೆಯವಳೇ ಆಗಿದ್ದಳು. ಆಕೆ ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಪ್ರತಿ ಕಾಲಂ ಓದಿ, ಆಮೇಲೆ ಹೂಂ ಅನ್ನಿ" ಅಂದರು. ಕನ್ನಡಕ ಒರೆಸಿಕೊಂಡು ಓದಿದೆ. ಹೂಂ ಅಂದೆ. ಆರು ನಿಮಿಷದ ಕೆಲಸ. ಆ ಹೆಣ್ಣುಮಗಳ ಹೆಸರು ನನಗೆ ಗೊತ್ತು, ಹಾಕುವುದಿಲ್ಲ. ನವೆಂಬರ್‌ನಲ್ಲಿ ಬೇರೆ ಊರಿಗೆ ವರ್ಗವಾಯಿತು.

ಈಗ ಬೈಯುವ ಭಾಗ. ಅದೇ ಸೈಟಿನ ಖಾತೆಯನ್ನು ನನ್ನ, ತಮ್ಮನ ಹೆಸರಿಗೆ ಮಾಡಿಸಬೇಕಿತ್ತು. ವಂಶವೃಕ್ಷ, ಇಸಿ ಅನ್ನುವ ಋಣಭಾರ ಪತ್ರ, ಅಫಿಡವಿಟ್, ಕಂದಾಯದ ರಸೀದಿ, ಮರಣ ಪ್ರಮಾಣಪತ್ರ, ಫೋಟೊ, ಎಲ್ಲ ಕೊಟ್ಟೆ. ಸಕಾಲ ಚೀಟಿ ಕೊಟ್ಟರು, 15 ಅಂಕಿಯ ನಂಬರ್. ಸಕಾಲ ಗೊತ್ತಲ್ಲ, 2011ರ ಕಾಯ್ದೆ. ಗಡುವಿನೊಳಗೆ ಕೆಲಸ ಆಗದಿದ್ದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳಬಹುದು.

ನಾನು ಕಂಡಕ್ಟರ್ ಆಗಿದ್ದಾಗ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದೆ. "ಇಳಿಯುವಾಗ ಇಸ್ಕೊಳ್ಳಿ" ಅನ್ನುತ್ತಿದ್ದೆ. ಇಳಿಯುವಾಗ ಅರ್ಧ ಜನ ಮರೆಯುತ್ತಿದ್ದರು. ಉಳಿದರ್ಧ ಜನಕ್ಕೆ ರಶ್‌ನಲ್ಲಿ ನನ್ನವರೆಗೆ ಬರಲು ಆಗುತ್ತಿರಲಿಲ್ಲ. ಸಕಾಲ ಚೀಟಿ ಕೈಗೆ ಬಂದ ಕೂಡಲೇ ನನಗೆ ನೆನಪಾದದ್ದು ಅದು. ಮಾಡಿದ್ದುಣ್ಣೋ ಮಹರಾಯ.

ಗಡುವು ಮುಗಿಯುವ ದಿನ ಬಂತು. ಅರ್ಜಿ ವಾಪಸ್. ಕಾರಣ: ತಮ್ಮನ ಫೋಟೊ ಸ್ಪಷ್ಟವಾಗಿಲ್ಲ. ಮೊದಲ ದಿನವೇ ಹೇಳಬಹುದಿತ್ತಲ್ವಾ? ಕೊನೆಯ ದಿನ ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದರೆ ಲೆಕ್ಕದಲ್ಲಿ ವಿಳಂಬವೇ ಇಲ್ಲ. ಟಿಕೆಟ್ ಹಿಂದಿನ ಚಿಲ್ಲರೆಯೂ ಇಲ್ಲ. ಮತ್ತೆ ಹಾಕಿದೆ. ಎರಡನೇ ಸಲ ವಂಶವೃಕ್ಷ ಹಳೆಯದಾಯಿತು ಅಂದರು. ಅವರ ಕೈಯಲ್ಲೇ ಇದ್ದು ಹಳೆಯದಾದದ್ದು! ಆಫೀಸಿನ ಹೊರಗೆ, ಝೆರಾಕ್ಸ್ ಅಂಗಡಿ ಪಕ್ಕ, ಒಬ್ಬರು ಬಂದು "ಯಾಕೆ ಓಡಾಡ್ತೀರ ಸಾರ್, ಮಾಡಿಸಿಕೊಡೋಣ" ಅಂದರು. ಎಷ್ಟು ಅಂತ ಕೇಳಿದೆ, ಸುಮ್ನೆ ತಿಳಿದುಕೊಳ್ಳೋಣ ಅಂತ. ಹೇಳಿದರು. ನನ್ನ ಎರಡು ತಿಂಗಳ ಪಿಂಚಣಿ. ನಮಸ್ಕಾರ ಮಾಡಿ ಬಂದೆ. ಫೆಬ್ರವರಿಯಲ್ಲಿ, ಅನಧಿಕೃತ ಬಡಾವಣೆಯ ಸೈಟುಗಳಿಗೂ ಕೊಡುವ ಬಿ ಖಾತೆಯ ಅಭಿಯಾನ ಶುರುವಾಯಿತು. ಆಮೇಲಂತೂ ಆ ಮೇಜಿನ ಹತ್ತಿರ ಹೋಗುವುದೇ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಹಾಗೆ. ಇದನ್ನು ಬರೆಯುವ ಹೊತ್ತಿಗೂ ಖಾತೆ ಆಗಿಲ್ಲ.

ಕಸದ ವಿಷಯ ಬೇಗ ಮುಗಿಸುತ್ತೇನೆ. ಗಾಡಿ ದಿನ ಬಿಟ್ಟು ದಿನ ಬರುತ್ತದೆ. ಹಸಿ, ಒಣ ಬೇರೆ ಮಾಡಿ ಕೊಡಿ ಅನ್ನುತ್ತಾರೆ. ನಾವು ಮಾಡುತ್ತೇವೆ, ಎದುರು ಮನೆಯವರು ಮಾಡುವುದಿಲ್ಲ, ಅವರ ಕಸವನ್ನೂ ತೆಗೆದುಕೊಳ್ಳುತ್ತಾರೆ. ನಮ್ಮ ಬೀದಿ ಗುಡಿಸುವ ಅಮ್ಮ ಬೆಳಗ್ಗೆ ಆರಕ್ಕೆ ಬರುತ್ತಾಳೆ. 500 ಜನಕ್ಕೆ ಒಬ್ಬ ಪೌರಕಾರ್ಮಿಕರು ಇರಬೇಕು ಅಂತ ಹಿಂದೆ ಐ.ಪಿ.ಡಿ. ಸಾಲಪ್ಪ ಸಮಿತಿ ಹೇಳಿತ್ತು. ನಮ್ಮ ಎರಡು ಬೀದಿ, ಒಂದು ಸಂತೆ ಮೈದಾನ, ಎಲ್ಲಕ್ಕೂ ಅವಳೊಬ್ಬಳೇ. ಸೆಪ್ಟೆಂಬರ್ 23, ಪೌರಕಾರ್ಮಿಕರ ದಿನ, ಅವಳಿಗೆ ಹಾರ ಹಾಕಿ ಸನ್ಮಾನ ಮಾಡಿದರು. ಮರುದಿನ ಬೆಳಗ್ಗೆ ಅವಳ ಕೈಯಲ್ಲಿ ಅದೇ ಹಳೇ ಪೊರಕೆ. ಗ್ಲೌಸ್ ಕೊಟ್ಟಿಲ್ಲವಾ ಅಂತ ಕೇಳಿದೆ. "ಕೊಟ್ಟವ್ರೆ ಅಣ್ಣ, ದೊಡ್ಡ ಸೈಜು, ಬಿದ್ದೋಯ್ತವೆ" ಅಂದಳು. ಒಂದು ಗ್ಲೌಸಿನ ಅಳತೆ ಕೇಳುವುದಕ್ಕೆ ಏನು ಕಷ್ಟ ಸ್ವಾಮಿ?

ಆ ವರ್ಷ ಡೆಂಗಿ ಜಾಸ್ತಿ ಇತ್ತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆಯಲ್ಲಿ ಸೊಳ್ಳೆ ಮೊಟ್ಟೆ ಇಡುವಂತೆ ನೀರು ನಿಲ್ಲಿಸಿದರೆ ಪಟ್ಟಣದಲ್ಲಿ ₹400 ದಂಡ. ನಮ್ಮ ಮನೆಗೂ ಬಂದು ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರು. ನೀರು ಹತ್ತು ದಿನಕ್ಕೊಮ್ಮೆ ಬಿಡುತ್ತೀರಿ, ಡ್ರಮ್ಮಿನಲ್ಲಿ ಹಿಡಿಯದೆ ಇನ್ನೆಲ್ಲಿ ಹಿಡಿಯಲಿ ಅಂತ ನನ್ನ ಹೆಂಡತಿ ಕೇಳಿದಳು. ಬಂದಿದ್ದ ಹುಡುಗಿ ನಕ್ಕು, "ಬಟ್ಟೆ ಕಟ್ಟಿ ಆಂಟಿ ಸಾಕು" ಅಂದಳು. ದಂಡ ಹಾಕಲಿಲ್ಲ.

ಇನ್ನು ಬಸ್ ನಿಲ್ದಾಣದ ಶೌಚಾಲಯ. ಓದುಗರು ಮೂಗು ಮುಚ್ಚಿಕೊಳ್ಳಬೇಡಿ. ನನಗೆ ಇದು ಬಲು ಮುಖ್ಯ. ಬಸ್ಸಿನಲ್ಲಿ ದುಡಿದವರನ್ನು ಕೇಳಿ. ಕೊನೆಯ ಸ್ಟಾಪಿನಲ್ಲಿ ಐದು ನಿಮಿಷ, ಅಷ್ಟರಲ್ಲಿ ಎಲ್ಲಿಗೆ ಹೋಗುವುದು? ನಮಗೆ ಮರ, ಗೋಡೆ ಇದ್ದವು. ನನ್ನ ಜೊತೆ ಕೆಲಸ ಮಾಡಿದ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಬ್ಯಾಗಿನಲ್ಲಿ ಬಾಟಲಿ ಇರುತ್ತಿತ್ತು, ಸಂಜೆಗೆ ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು.

ಪುರಸಭೆ ಹೋದ ವರ್ಷ ನಿಲ್ದಾಣದ ಹಿಂದೆ ಹೊಸದು ಕಟ್ಟಿತು. ಟೈಲ್ಸ್, ನೀರು, ಒಳಗೆ ಚಿಲಕ, ಹೆಂಗಸರ ಕಡೆಗೆ ಬೇರೆ ಬಾಗಿಲು. ಉದ್ಘಾಟನೆಯಾದ ವಾರ ಹೋಗಿ ನೋಡಿದೆ. ಕೆಲಸವಿರಲಿಲ್ಲ, ಸುಮ್ನೆ ನೋಡಲು ಹೋದೆ. ಚಿಲಕ ಹಾಕಿ ತೆಗೆದು ನೋಡಿದೆ. ಅಲ್ಲಿನವನು ನನ್ನನ್ನು ಇಂಜಿನಿಯರ್ ಅಂದುಕೊಂಡು ಎದ್ದು ನಿಂತ. ಬೆಳಗ್ಗೆ ಹೊತ್ತು ನಿಜಕ್ಕೂ ಚೊಕ್ಕಟವಾಗಿರುತ್ತದೆ. ಸಂಜೆ ಐದರ ಮೇಲೆ ಹೇಳಲಾರೆ. ಆದರೆ ರಾತ್ರಿ ಎಂಟಕ್ಕೆ ಬೀಗ! ಕೊನೆಯ ಗಾಡಿ ಬರುವುದು ಹತ್ತೂಕಾಲಕ್ಕೆ. ಆ ಹೊತ್ತಿಗೆ ಇಳಿಯುವವರು ಗಾರ್ಮೆಂಟ್ಸ್, ಕಂಪನಿ ಮುಗಿಸಿ ಬರುವ ಹೆಂಗಸರು, ಜೊತೆಗೆ ಗಾಡಿಯ ಸಿಬ್ಬಂದಿ. ಯಾರಿಗೆ ಬೇಕೋ ಅವರು ಬರುವ ಹೊತ್ತಿಗೆ ಬೀಗ.

ಇದನ್ನು ಎಲ್ಲಿ ಹೇಳುವುದು ಅಂತ ಕೇಳಿದಾಗ ಮೆಂಬರ್ ಹೇಳಿದರು, "ಬಜೆಟ್ ಪೂರ್ವಭಾವಿ ಸಭೆಗೆ ಬನ್ನಿ, ಮೈಕ್ ಕೊಡಿಸ್ತೀನಿ". ಅಂಥದ್ದೊಂದು ಸಭೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಮ್ಮೂರಲ್ಲೂ ಇರುತ್ತದೆ, ವಿಚಾರಿಸಿ. ಹೋದೆ. ಪ್ಲಾಸ್ಟಿಕ್ ಕುರ್ಚಿ ನೂರಿದ್ದವು, ಜನ ಹದಿನಾಲ್ಕು. ಅದರಲ್ಲಿ ಐವರು ಆಫೀಸಿನವರು. ವೇದಿಕೆಯಲ್ಲಿ ಹೊಸ ಅಧ್ಯಕ್ಷೆ. ಅವರು ಕೂರುವ ಮೊದಲು ಆ ಕುರ್ಚಿ ಒಂದು ವರ್ಷಕ್ಕೂ ಮೇಲೆ ಖಾಲಿ ಇತ್ತು. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅನ್ನುವ ಮೀಸಲಾತಿ ಪಟ್ಟಿ ಸರ್ಕಾರದಿಂದ ಬಂದದ್ದೇ 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿ. ಅಧ್ಯಕ್ಷರಿಗೆ ಸಿಗುವುದೇ ಮೂವತ್ತು ತಿಂಗಳು.

ಮುಖ್ಯಾಧಿಕಾರಿ ಲೆಕ್ಕ ಓದಿದರು. ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಈ ಅಂಕಿಗಳನ್ನು ಪೇಪರಿನಲ್ಲಿ ನೋಡಿ ನೋಡಿ ಮಂತ್ರದ ಹಾಗೆ ಆಗಿಬಿಟ್ಟಿದೆ. ಆದರೆ ಆ ಶೇ 5ರಲ್ಲೇ ನಮ್ಮ ಹಿಂದಿನ ಬೀದಿಯ ಹುಡುಗನಿಗೆ ಮೂರು ಚಕ್ರದ ಸ್ಕೂಟರ್ ಬಂತು. ಅವನೀಗ ಸಂತೆಯಲ್ಲಿ ಮೊಬೈಲ್ ಕವರ್ ಮಾರುತ್ತಾನೆ. ಮೊದಲು ಅವನ ಅಪ್ಪ ಅವನನ್ನು ಎತ್ತಿಕೊಂಡು ಬಂದು ಬಸ್ ಹತ್ತಿಸುತ್ತಿದ್ದ, ಟಿಕೆಟ್ ಕೊಟ್ಟವನು ನಾನೇ.

ಮೈಕ್ ನನಗೆ ಬಂತು. ಶೌಚಾಲಯದ ಬೀಗದ ಬಗ್ಗೆ ಹೇಳಿದೆ. ಬಾಟಲಿ ನೀರಿನ ಕಥೆಯನ್ನೂ ಹೇಳಿದೆ. ಸಭೆ ಸುಮ್ಮನಾಯಿತು. ಅಧ್ಯಕ್ಷೆ ಮುಖ್ಯಾಧಿಕಾರಿ ಕಡೆ ತಿರುಗಿ, "ಹನ್ನೊಂದರ ತನಕ ತೆಗೀಬೋದಲ್ವಾ ಸಾರ್?" ಅಂದರು. ರಾತ್ರಿ ಪಾಳಿಗೆ ಒಬ್ಬರನ್ನು ಹಾಕಬೇಕು, ಹಣ ನೋಡಬೇಕು ಅಂತ ಉತ್ತರ. ಬರೆದುಕೊಂಡರು. ಟೀ, ಬನ್ ಕೊಟ್ಟರು. ಮಾರ್ಚ್‌ನಲ್ಲಿ ಎಂದಿನಂತೆ ಉಳಿತಾಯ ಬಜೆಟ್ ಮಂಡನೆಯಾಯಿತು. ಉಳಿತಾಯ ಇದೆ ಅಂದಮೇಲೆ ರಾತ್ರಿ ಕಾವಲಿನವನಿಗೆ ಸಂಬಳ ಯಾಕಿಲ್ಲ ಅಂತ ಕೇಳಬೇಕೆನಿಸಿತು. ಆ ಸಭೆಯಲ್ಲಿ ನಮಗೆ ಮೈಕ್ ಇಲ್ಲ.

ಆದರೂ ನೋಡಿ. ನನ್ನ ಮಗಳನ್ನು ಕೊಟ್ಟಿರುವುದು ಕೆಂಗೇರಿಗೆ. 2007ಕ್ಕೆ ಮುಂಚೆ ಕೆಂಗೇರಿಯೂ ನಮ್ಮಂತೆಯೇ ಪುರಸಭೆ. ಆಮೇಲೆ ಏಳು ನಗರಸಭೆಗಳ ಜೊತೆ ಬಿಬಿಎಂಪಿಗೆ ಸೇರಿತು. ನಾನು ಈ ಕಥೆಯೆಲ್ಲ ಹೇಳಿದಾಗ ಅಳಿಯ ನಕ್ಕ. "ನಿಮಗೆ ಬೈಯೋಕಾದ್ರೂ ಒಬ್ರು ಮೆಂಬರ್ ಇದಾರೆ ಮಾವ. ನಮಗೆ 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರೇ ಇಲ್ಲ" ಅಂದ. ಅವನ ರಸ್ತೆ ನಮ್ಮದಕ್ಕಿಂತ ಚೆನ್ನಾಗಿದೆ, ನಲ್ಲಿಯಲ್ಲಿ ಕಾವೇರಿ ಬರುತ್ತದೆ. ಆದರೆ ಅವ್ವ ತೀರಿಕೊಂಡ ದಿನ ಬೆಳಗ್ಗೆ ಎಂಟೂವರೆಗೆ ಲುಂಗಿಯಲ್ಲಿ ಬರುವವರು ಯಾರು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಆ್ಯಪ್ ಇದೆ" ಅಂದ.

ನಮ್ಮೂರನ್ನೂ ಮುಂದೊಂದು ದಿನ ಬೆಂಗಳೂರಿಗೆ ಸೇರಿಸುತ್ತಾರೆ ಅನ್ನುವ ಮಾತು ಟೀ ಅಂಗಡಿಯಲ್ಲಿ ಆಗಾಗ ಏಳುತ್ತದೆ. ಸೈಟ್ ಇರುವವರಿಗೆ ಖುಷಿ. ನನಗೂ ಒಂದು ಸೈಟ್ ಇದೆ, ಖಾತೆ ಇಲ್ಲ ಅಷ್ಟೇ.

ಬೀದಿ ದೀಪ: ಫೋನ್ ಮಾಡಿದರೆ ಮೂರು ದಿನದಲ್ಲಿ ಹಾಕುತ್ತಾರೆ, ಪರವಾಗಿಲ್ಲ. ನಾಯಿಗಳು: ಸಂತಾನಹರಣ ಮಾಡಿ ಕಿವಿ ಕತ್ತರಿಸಿದ ಗುರುತಿರುವುದು ನಮ್ಮ ಬೀದಿಯಲ್ಲಿ ಎರಡು, ಇಲ್ಲದ್ದು ಒಂಬತ್ತು. ಯುಜಿಡಿಗೆ, ಅಂದರೆ ಒಳಚರಂಡಿಗೆ ಅಗೆದ ರಸ್ತೆ: ಅದರ ಬಗ್ಗೆ ಬರೆದರೆ ಬಿಪಿ ಏರುತ್ತದೆ, ಡಾಕ್ಟರ್ ಬೇಡ ಅಂದಿದ್ದಾರೆ.

ಸ್ಟಾರ್ ಲೆಕ್ಕ ಹೀಗೆ. ವಾಟರ್‌ಮನ್‌ಗೆ ಒಂದು. ಜನನ-ಮರಣ ವಿಭಾಗಕ್ಕೆ ಒಂದು, ಆಕೆ ವರ್ಗವಾದರೂ ಸರಿ. ಸ್ಮಶಾನದ ನಲ್ಲಿ, ಬೀದಿ ಗುಡಿಸುವ ಅಮ್ಮ, ಸ್ಕೂಟರ್ ಹುಡುಗ, ಎಲ್ಲ ಸೇರಿ ಒಂದು. ಒಟ್ಟು ಮೂರು. ಖಾತೆಯದು ಒಂದು, ಶೌಚಾಲಯದ ಬೀಗದ್ದು ಒಂದು, ಎರಡು ಸ್ಟಾರ್ ನನ್ನ ಬಳಿ ಬಾಕಿ ಇವೆ. ಈಗ ಕೊಡಲು ಚಿಲ್ಲರೆ ಇಲ್ಲ. ಈ ಏಪ್ರಿಲ್‌ನ ಕಂದಾಯದ ರಸೀದಿ ಹಿಂದೆ 2 ಅಂತ ಬರೆದು, ಸುತ್ತ ಒಂದು ಗೆರೆ ಎಳೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ. ಇಳಿಯುವಾಗ ಇಸ್ಕೊಳ್ಳಿ.